ಸಹಾಯ ಬೇಕು: ಬ್ರಾಕಿಥೆರಪಿಯ ಬದಲು ಎಸ್‌ಬಿಆರ್‌ಟಿ ಪಡೆದವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 58 ವರ್ಷ, ಗರ್ಭಕೊರಳಿನ ಕ್ಯಾನ್ಸರ್, ಎರಡನೆಯ ಹಂತ. ದೇಹದ ಹೊರಗಿನಿಂದ ಕೊಡುವ 25 ದಿನಗಳ ರೇಡಿಯೋಥೆರಪಿಯಲ್ಲಿ ಇನ್ನು ನಾಲ್ಕು ದಿನ ಉಳಿದಿವೆ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ ಕೊಡುತ್ತಿದ್ದಾರೆ. ಪ್ರತಿ ಸಂಜೆ ಮನೆಗೆ ಬಂದೊಡನೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಅಮ್ಮ ಪೆನ್ಸಿಲಿನಿಂದ ಗೀಟು ಎಳೆಯುತ್ತಾರೆ.

ಮುಂದೆ ಬ್ರಾಕಿಥೆರಪಿ, ಅಂದರೆ ವಿಕಿರಣದ ಮೂಲವನ್ನು ದೇಹದೊಳಗೆ ಗೆಡ್ಡೆಯ ಬಳಿಯೇ ಇಟ್ಟು ಕೊಡುವ ಚಿಕಿತ್ಸೆ, ಆಗಬೇಕಿತ್ತು. ಆದರೆ ಗರ್ಭಕೊರಳಿನ ಬಾಯಿ ಕಿರಿದಾಗಿ ಮುಚ್ಚಿಕೊಂಡಿರುವುದರಿಂದ ಉಪಕರಣವನ್ನು ಒಳಗೆ ಕೂರಿಸುವುದು ಕಷ್ಟವೆಂದೂ, ಅದರ ಬದಲು ಹೊರಗಿನಿಂದಲೇ ಗೆಡ್ಡೆಗೆ ಗುರಿಯಿಟ್ಟು ಕೆಲವೇ ಬಾರಿ ಹೆಚ್ಚಿನ ಪ್ರಮಾಣದ ವಿಕಿರಣ ಕೊಡುವ ಎಸ್‌ಬಿಆರ್‌ಟಿ ಮಾಡಬಹುದೆಂದೂ ವೈದ್ಯರು ಹೇಳಿದ್ದಾರೆ.

ನಾನು ಓದಿ ತಿಳಿದಂತೆ, ಬ್ರಾಕಿಥೆರಪಿಯಲ್ಲಿ ವಿಕಿರಣದ ಮೂಲ ಗೆಡ್ಡೆಯ ಮಗ್ಗುಲಲ್ಲೇ ಇದ್ದು ಅದರೊಂದಿಗೇ ಅಲುಗುತ್ತದೆ. ಹೊರಗಿನ ಕಿರಣಗಳಿಗಾದರೋ ಮೂತ್ರಕೋಶ ತುಂಬಿದಂತೆ, ಗುದನಾಳ ಹಿಗ್ಗಿದಂತೆ ಗರ್ಭಕೋಶ ಸರಿಯುವುದೇ ದೊಡ್ಡ ತೊಡಕು. ಬ್ರಾಕಿಥೆರಪಿ ಸಾಧ್ಯವಿರುವವರಿಗೆ ಎಸ್‌ಬಿಆರ್‌ಟಿ ಸಮನಾದ ಬದಲಿಯಲ್ಲವೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಇದೇ ನನ್ನ ನಿದ್ದೆ ಕೆಡಿಸಿರುವುದು.

ಆದ್ದರಿಂದ ಕೇಳುತ್ತಿದ್ದೇನೆ. ಇಂಥದೇ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟು, ಅಲ್ಟ್ರಾಸೌಂಡ್ ನೋಡಿಕೊಂಡು ಗರ್ಭಕೊರಳಿನ ಬಾಯಿಯನ್ನು ಹಿಗ್ಗಿಸಿಯೋ, ಸೂಜಿಗಳನ್ನು ಸೇರಿಸುವ ಇಂಟರ್‌ಸ್ಟಿಷಿಯಲ್ ವಿಧಾನದಿಂದಲೋ ಯಾರಿಗಾದರೂ ಬ್ರಾಕಿಥೆರಪಿ ಆಗಿದೆಯೇ? ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕೆಂದಿದ್ದೇನೆ. ಯಾವ ಸ್ಕ್ಯಾನು, ಯಾವ ದಾಖಲೆಗಳನ್ನು ಒಯ್ಯಬೇಕು? ಎಸ್‌ಬಿಆರ್‌ಟಿಯನ್ನೇ ಪಡೆದವರಿದ್ದರೆ, ತಿಂಗಳುಗಳ ನಂತರ ಮೂತ್ರದಲ್ಲಾಗಲಿ ಮಲದಲ್ಲಾಗಲಿ ರಕ್ತ ಕಾಣಿಸಿಕೊಂಡಿತೇ ಎಂಬುದನ್ನು ದಯವಿಟ್ಟು ಮುಚ್ಚುಮರೆಯಿಲ್ಲದೆ ತಿಳಿಸಿ. ಒಟ್ಟು ಚಿಕಿತ್ಸೆ ಎಂಟು ವಾರಗಳೊಳಗೆ ಮುಗಿಯಬೇಕಾದ್ದರಿಂದ ನಮಗಿರುವ ಸಮಯ ಬಹಳ ಕಡಿಮೆ.