ನೆಟ್‌ಲೋಗೋ ಗುಳೆ ಮಾಡೆಲ್: ಒಂದೇ ಸಲಕ್ಕೆ ಊರೆಲ್ಲ ಖಾಲಿ!

ತೊಗರಿಹೊಲ: ಎಂಎ ಪ್ರಾಜೆಕ್ಟ್‌ಗೆ ನೆಟ್‌ಲೋಗೋದಲ್ಲಿ (ಒಬ್ಬೊಬ್ಬರ ನಡೆಯನ್ನೂ ಕಂಪ್ಯೂಟರ್‌ನಲ್ಲಿ ಅನುಕರಿಸುವ ಸಾಫ್ಟ್‌ವೇರ್) ಚಿಕ್ಕ ಮಾಡೆಲ್ ಬರೆದಿದ್ದೇನೆ. ರಾಯಚೂರು ಕಡೆಯ ಒಂದು ಹಳ್ಳಿ, ಆ ಕಡೆ ಬೆಂಗಳೂರು, ಒಟ್ಟು 500 ಜನ. ಅರ್ಥಶಾಸ್ತ್ರಜ್ಞರಾದ ಹ್ಯಾರಿಸ್, ಟೊಡಾರೊ ಇಬ್ಬರ 1970ರ ವಲಸೆ ಲೆಕ್ಕವನ್ನೇ ಹಾಕಿದ್ದು: ಸಿಟಿ ಕೂಲಿಯನ್ನು ಕೆಲಸ ಸಿಗುವ ಸಾಧ್ಯತೆಯಿಂದ ಗುಣಿಸಿ, ಬಂದದ್ದು ಊರ ಕೂಲಿಗಿಂತ ಜಾಸ್ತಿಯಾದರೆ ಹೊರಡು, ಇಲ್ಲವಾದರೆ ಊರಲ್ಲೇ ಇರು. ಸಿಟಿಗೆ 800, ಊರಿಗೆ 400, ಸಾಧ್ಯತೆ 0.7 (ಎಲ್ಲಾ ಸುಮ್ನೆ ಹಾಕಿದ ಅಂಕಿ). ರನ್ ಕೊಟ್ಟರೆ ಮೊದಲ ಟಿಕ್‌ಗೇ (ಮಾಡೆಲ್ ಗಡಿಯಾರದ ಒಂದು ಹೆಜ್ಜೆ) 500 ಜನವೂ ಗಂಟುಮೂಟೆ ಕಟ್ಟುತ್ತಾರೆ. ಎಲ್ಲಿ ತಪ್ಪಿದೆ?

ಲೂಪಣ್ಣ: 0.7 ಅಂತ ಕಟ್ಟಿಹಾಕಿದ್ದೇ ತಪ್ಪು. ಜನ ಬಂದಷ್ಟೂ ಅದು ಇಳಿಯಬೇಕು, ಆ ಲೆಕ್ಕದ ಜೀವವೇ ಅದು. ಸಿಟಿಯಲ್ಲಿ 150 ಕೆಲಸ ಇಡಿ. ಸಾಧ್ಯತೆ ಅಂದರೆ 150 ಭಾಗಿಸು ಸಿಟಿಯಲ್ಲಿರುವ ಜನ, 1 ದಾಟದ ಹಾಗೆ. 300 ಜನ ಆದಾಗ 0.5 ಆಗುತ್ತದೆ, 800ರಲ್ಲಿ ಅರ್ಧ 400, ಅಲ್ಲಿಗೆ ನಿಲ್ಲುತ್ತದೆ. ಅರ್ಧ ಜನಕ್ಕೆ ಕೆಲಸ ಇಲ್ಲದಿದ್ದರೂ ಯಾರೂ ವಾಪಸ್ ಹೊರಡುವುದಿಲ್ಲ, ಮಜಾ ಇರೋದೇ ಅಲ್ಲಿ. ಇನ್ನೊಂದು, ಸಾಧ್ಯತೆಯನ್ನು ಆಸ್ಕ್ (ಒಬ್ಬೊಬ್ಬರಿಗೂ ಸರದಿಯಂತೆ ಕೆಲಸ ಹೇಳುವ ಆಜ್ಞೆ) ಒಳಗೇ ಲೆಕ್ಕ ಹಾಕಿ. ಹೊರಗೆ ಒಂದೇ ಸಲ ಹಾಕಿದರೆ ಎಲ್ಲರಿಗೂ ಒಂದೇ ಅಂಕಿ ಕಾಣುತ್ತದೆ, ಒಂದು ಟಿಕ್‌ಗೆ ಎಲ್ಲರೂ ಹೋಗಿ ಮುಂದಿನ ಟಿಕ್‌ಗೆ ಎಲ್ಲರೂ ವಾಪಸ್!

ಯಾದಗಿರಿ ಬಸ್: ಲೆಕ್ಕ ಸರಿ ಇರಬಹುದು, ಆದರೆ ನಮ್ಮ ಕಡೆ ಯಾರೂ ಗುಣಾಕಾರ ಮಾಡಿ ಗುಳೆ ಹೋಗಲ್ಲ. ಮೇಸ್ತ್ರಿ ಮುಂಗಡ ಕೊಡುತ್ತಾನೆ, ಗಂಡ ಹೆಂಡತಿ ಸಣ್ಣ ಮಗು ಹೊರಡುತ್ತಾರೆ, ಮುದುಕರೂ ಶಾಲೆಗೆ ಹೋಗೋ ಮಕ್ಕಳೂ ಊರಲ್ಲೇ. ಮಳೆ ಬಿತ್ತು ಅಂದರೆ ಬಿತ್ತನೆಗೆ ವಾಪಸ್. ನಿಮ್ಮ ಮಾಡೆಲ್‌ನ ಏಜೆಂಟ್ (ಹೋಗಬೇಕೋ ಬೇಡವೋ ತೀರ್ಮಾನಿಸುವ ಘಟಕ) ಒಬ್ಬ ಮನುಷ್ಯ ಅಲ್ಲ, ಒಂದು ಮನೆ ಆಗಬೇಕು ಅಲ್ವಾ? ಟಿಕ್ ಅಂದರೆ ಒಂದು ತಿಂಗಳು. ಹೋದ ವರ್ಷ ಓಣಿಯಿಂದ ಎಷ್ಟು ಮನೆ ಹೋಗಿತ್ತು ಅನ್ನೋದೂ ಲೆಕ್ಕಕ್ಕೆ ಬರಲಿ.

ಅಂಕಿಅಂಶ ಅಜ್ಜ: ಡೇಟಾಗೆ ಬರೀ ಜನಗಣತಿ ನಂಬಬೇಡಿ. ನಾಲ್ಕು ತಿಂಗಳು ಹೋಗಿ ಬರುವವರು ಅದರಲ್ಲಿ ಸರಿಯಾಗಿ ಸಿಗಲ್ಲ. 2007-08ರ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 64ನೇ ಸುತ್ತಿನಲ್ಲಿ ಒಂದರಿಂದ ಆರು ತಿಂಗಳೊಳಗೆ ಕೆಲಸಕ್ಕೆ ಹೋದವರನ್ನು ಬೇರೆಯಾಗಿಯೇ ಕೇಳಿದ್ದಾರೆ. 2016-17ರ ಆರ್ಥಿಕ ಸಮೀಕ್ಷೆಯವರು ರೈಲಿನ ರಿಸರ್ವೇಶನ್ ಇಲ್ಲದ ಟಿಕೆಟ್‌ಗಳಿಂದ ವಲಸೆ ಅಂದಾಜು ಮಾಡಿದ್ದರು. ಒಳ್ಳೇ ಉಪಾಯ, ಆದರೆ ಬಸ್ಸು, ಟೆಂಪೋ ಹತ್ತಿದವರು ಅದರಲ್ಲಿಲ್ಲ.

ತೊಗರಿಹೊಲ: ಲೂಪಣ್ಣ, ಸಿಟಿ ಜನಸಂಖ್ಯೆ 300ರ ಹತ್ತಿರವೇ ನಿಂತಿತು! ಜೂನ್‌ನಲ್ಲಿ ಊರ ಕೂಲಿ 600 ಮಾಡಿದೆ, 200ಕ್ಕೆ ಇಳಿಯಿತು. ಮುಂಗಡ ತೀರದ ಮನೆಗಳನ್ನೂ ಮಾಡೆಲ್ ವಾಪಸ್ ಕಳಿಸುತ್ತಿದೆ, ಮೇಸ್ತ್ರಿ ಬಿಡ್ತಾನಾ? ಇವತ್ತು ರಾತ್ರಿ ಅವನಿಗೂ ಒಂದು ಟರ್ಟಲ್ (ನೆಟ್‌ಲೋಗೋದಲ್ಲಿ ಓಡಾಡುವ ಏಜೆಂಟ್‌ನ ಹೆಸರು) ಬರೆಯಬೇಕು.