ತಾಯಿಮೀನು ಡ್ಯಾಮಿನದ್ದೋ, ಕೊಳದ್ದೋ? ಅನುಭವ ಇದ್ದವರು ಹೇಳಿ

ಹರಿಹರದ ಹೊಸಬ: ನಮಸ್ಕಾರ. ನನ್ನದು ಅರ್ಧ ಎಕರೆಯ ಎರಡು ಕೊಳ, ಪೂರ್ತಿ ಬೋರ್‌ವೆಲ್ ನೀರು. ಮುಂದಿನ ಜೂನ್‌ಗೆ ಸಣ್ಣ ಹ್ಯಾಚರಿ ಶುರು ಮಾಡಬೇಕು ಅಂತಿದ್ದೇನೆ. ಮರಿ ಮಾಡಿಸೋಕೆ ಕಾಟ್ಲಾ, ರೋಹು ತಾಯಿಮೀನು ಬೇಕು. ಊರಲ್ಲಿ ಒಬ್ಬರು ಡ್ಯಾಮಿನ ಮೀನೇ ತನ್ನಿ, ಮೊಟ್ಟೆ ಗಟ್ಟಿ ಅಂತಾರೆ. ಇನ್ನೊಬ್ಬರು ಕೊಳದಲ್ಲಿ ಬೆಳೆಸಿದ್ದೇ ಸಾಕು ಅಂತಾರೆ. ಕೈಯಲ್ಲಿರೋದು ಒಂದೂವರೆ ಲಕ್ಷ. ಯಾವುದು ತರಲಿ?

ಭದ್ರಾ ದಂಡೆ: ಡ್ಯಾಮಿನ ಮೀನು ಅಂತ ಕೇಳಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ. 2021ರ ಮೇ ಕೊನೆಗೆ 22 ಕಾಟ್ಲಾ ತಂದೆ. ಒಟ್ಟು 88 ಕೆಜಿ, ಕೆಜಿಗೆ 300ರಂತೆ 26,400. ಗಾಡಿಗೆ 9,000. ಟ್ಯಾಂಕು, ಆಕ್ಸಿಜನ್ ಸಿಲಿಂಡರ್ ಬಾಡಿಗೆ 6,500. ಔಷಧಿಗೆ 3,100. ಸರಿಯಾಗಿ 45,000. ನನ್ನ ಕೂಲಿ, ಮೂರು ರಾತ್ರಿ ನಿದ್ದೆ ಇದರಲ್ಲಿ ಇಲ್ಲ.

ಕಿವಿರಿಗೆ ಸಿಕ್ಕಿಕೊಳ್ಳೋ ಬಲೆಯಲ್ಲಿ ಹಿಡಿದಿದ್ದರು. ಮೈಮೇಲೆ ಹುರುಪೆ ಕಿತ್ತು ಹೋಗಿತ್ತು. ಮೂರನೇ ದಿನ ಗಾಯದ ಮೇಲೆ ಹತ್ತಿ ಅಂಟಿಸಿದ ಹಾಗೆ ಬಿಳಿ ಬೂಷ್ಟು. ಪರ್ಮಾಂಗನೇಟ್ ನೀರಲ್ಲಿ ಅದ್ದಿ ಅದ್ದಿ ತೆಗೆದೆ. ಹತ್ತು ದಿನಕ್ಕೆ ಉಳಿದದ್ದು 9. ಬಂದಾಗ ಹೊಟ್ಟೆ ಮೆತ್ತಗೆ, ತುಂಬಿಕೊಂಡಿತ್ತು. ಜೂನ್ ಮಧ್ಯಕ್ಕೆ ಸಪಾಟು! ಸತ್ತ ಒಂದನ್ನ ಕೊಯ್ದು ನೋಡಿದೆ. ಕಾಳು ಕಾಳಾಗಿ ಇರಬೇಕಾದ ಮೊಟ್ಟೆ ಕರಗಿ ಹಳದಿ ಗಂಜಿ ಆಗಿತ್ತು. ಹೆದರಿದ ಮೀನು ಮೊಟ್ಟೆಯನ್ನ ವಾಪಸ್ ಮೈಗೇ ಹೀರಿಕೊಳ್ಳುತ್ತೆ ಅಂತ ಆಮೇಲೆ ಗೊತ್ತಾಯ್ತು. ಮಾರಿದವರು ಫೋನ್ ಎತ್ತಲೇ ಇಲ್ಲ.

ಸುಮಕ್ಕ ಮಂಡ್ಯ: ಮೊದಲು "ಕಾಡು ಮೀನು" ಅನ್ನೋ ಭ್ರಮೆ ಬಿಡಿ. ಕಾಟ್ಲಾ, ರೋಹು ನಮ್ಮ ಕಾವೇರಿದೇ ಅಲ್ಲ, ಹೊರಗಿನಿಂದ ತಂದು ಬಿಟ್ಟದ್ದು. ಡ್ಯಾಮಲ್ಲಿ ಸಿಗೋದು ಬಹುಪಾಲು ವರ್ಷ ವರ್ಷ ಬಿಡೋ ಮರಿಗಳೇ. ಯಾರದೋ ಹ್ಯಾಚರಿ ಮೀನಿಗೇ ಡಬಲ್ ದುಡ್ಡು ಕೊಡ್ತಿದ್ದೀರಿ, ಅಷ್ಟೇ.

ಕೊಳದ ಮೀನಿಗೂ ಮೊಟ್ಟೆ ತುಂಬುತ್ತೆ. ಹೊಸ ನೀರಿನ ಸೆಳೆತ ಸಿಗದೆ ಬಿಡೋದಿಲ್ಲ, ಅದೊಂದೇ ಕೊರತೆ. ಮೆದುಳಲ್ಲಿ ಡೋಪಮೈನ್ ಬ್ರೇಕ್ ಹಾಕಿ ಕೂತಿರುತ್ತೆ. ನಾವು ವಾಂತಿಗೆ ನುಂಗೋ ಡಾಮ್‌ಪೆರಿಡೋನ್ ಇದೆಯಲ್ಲ, ಮೊಟ್ಟೆ ಬಿಡಿಸೋಕೆ ಮೀನಿಗೆ ಚುಚ್ಚೋ ಒವಾಪ್ರಿಮ್‌ನಲ್ಲಿ ಅದೂ ಇದೆ. ಅದು ಬ್ರೇಕ್ ತೆಗೆಯುತ್ತೆ, ಜೊತೆಗಿರೋ ಹಾರ್ಮೋನು ತಳ್ಳುತ್ತೆ. 1957ರ ಜುಲೈ 10ಕ್ಕೆ ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮೊಟ್ಟೆ ಇಡಿಸಿದ ದಿನವೇ ಹೊಳೆಗೆ ಓಡೋ ಕಾಲ ಮುಗೀತು.

ನನ್ನ ತಪ್ಪೂ ಹೇಳ್ತೀನಿ. ಮೊದಲ ವರ್ಷ ಕಡಲೆಕಾಯಿ ಹಿಂಡಿ ಸುರಿದದ್ದೇ ಸುರಿದದ್ದು. ಹೆಣ್ಣು ಗುಂಡಗಾದವು, ನಾನೂ ಬೀಗಿದೆ. 14 ಹೆಣ್ಣಿಗೆ ಇಂಜೆಕ್ಷನ್ ಕೊಟ್ಟರೆ ಮೊಟ್ಟೆ ಬಿಟ್ಟಿದ್ದು 5. ಒಂದನ್ನ ಕೊಯ್ದರೆ ಕರುಳಿನ ಸುತ್ತ ಬರೀ ಕೊಬ್ಬು! ಜನವರಿಯಿಂದ ಹಿಂಡಿ ಕಡಿಮೆ ಮಾಡಿದೆ, ಗಂಡು ಹೆಣ್ಣು ಬೇರೆ ಕೊಳಕ್ಕೆ ಹಾಕಿದೆ, ವಾರಕ್ಕೊಮ್ಮೆ ಹೊಸ ನೀರು. ಈಗ ಮೂರು ಕೆಜಿ ರೋಹು ಆರು ಲಕ್ಷ ಮೊಟ್ಟೆ ಕೊಡುತ್ತೆ. ಬೇಕಾದವರು ಬಂದು ನೋಡಿ.

ಹೊಸಪೇಟೆ ಹಳೇ ಬಲೆ: ಬಂದು ನೋಡಿ ಅಂದ್ರೆ ಬಂದು ಕೊಂಡುಕೊಳ್ಳಿ ಅಂತ ಅರ್ಥ. ತಾಯಿಮೀನು ಮಾರೋರು ಇನ್ನೇನು ಹೇಳ್ತಾರೆ?

ನಾನು 11 ವರ್ಷ ಅದೇ ಮೂವತ್ತು ಮೀನಿನ ಮಕ್ಕಳು ಮೊಮ್ಮಕ್ಕಳಲ್ಲೇ ಮರಿ ಮಾಡಿದೆ. ಅಣ್ಣ ತಂಗಿಗೇ ಮದುವೆ ಮಾಡಿದ ಹಾಗೆ. ಕೊನೆಗೆ ಬೆನ್ನು ಸೊಟ್ಟ ಮರಿ, ಕಿವಿರಿನ ಮುಚ್ಚಳ ಅರ್ಧ ಇಲ್ಲದ ಮರಿ. ಗಿರಾಕಿ ಬಕೆಟ್ ಸಮೇತ ವಾಪಸ್ ತಂದು ಅಂಗಳದಲ್ಲಿ ಸುರಿದು ಹೋದ. ಇದು ನನ್ನೊಬ್ಬನ ಕಥೆ ಅಲ್ಲ. ನಮ್ಮ ಕರ್ನಾಟಕದ ಹ್ಯಾಚರಿಗಳನ್ನೇ ನೋಡಿ ವಿಜ್ಞಾನಿಗಳಾದ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಲೆಕ್ಕ ಕೊಟ್ಟಿದ್ದಾರೆ, ಒಳತಳಿ ಶೇ. 2ರಿಂದ 17ರವರೆಗೆ. ಭುವನೇಶ್ವರದ ಮೀನು ಸಂಶೋಧನಾ ಸಂಸ್ಥೆ ಸಿಫಾದವರು ಜಯಂತಿ ರೋಹು ಅನ್ನೋ ಸುಧಾರಿತ ತಳಿ ಮಾಡಿದಾಗ ಗಂಗಾ, ಗೋಮತಿ, ಯಮುನಾ, ಸಟ್ಲೆಜ್, ಬ್ರಹ್ಮಪುತ್ರದ ಮೀನು ತಂದು ಸೇರಿಸಿದ್ದು ಸುಮ್ನೆನಾ?

ಡ್ಯಾಮಿನದ್ದು ಮೂಲದಲ್ಲಿ ಬಿಟ್ಟ ಮರಿಯೇ ಇರಲಿ. ಅಷ್ಟು ವರ್ಷ ಅಲ್ಲಿ ಬದುಕಿ ಉಳಿದದ್ದನ್ನ ನೀರೇ ಆರಿಸಿದೆ. ಹೊಸ ನೀರಿಗೆ ಮೇಲೆ ಹತ್ತಿದ ಆರು ಕೆಜಿ ಕಾಟ್ಲಾಕ್ಕೆ ನಾನು ಒವಾಪ್ರಿಮ್ ಅರ್ಧ ಡೋಸ್ ಕೊಟ್ಟೆ. ರಾತ್ರಿ ಎರಡಕ್ಕೆ ಹಾಪಾದಲ್ಲಿ (ನೀರಲ್ಲಿ ಕಟ್ಟಿದ ಬಲೆಬಟ್ಟೆ ತೊಟ್ಟಿ) ಬಾಲ ಬಡಿದ ಸದ್ದು ಮನೆವರೆಗೂ ಕೇಳಿಸ್ತು.

ಭದ್ರಾ ದಂಡೆ: ಯಜಮಾನ್ರೆ, ನಿಮ್ಮ ಮನೆ ನೀರಿನ ದಡದಲ್ಲೇ ಇದೆ. ನಾನು ನಾಲ್ಕು ಗಂಟೆ ಗಾಡಿಯಲ್ಲಿ ತಂದೆ. ಅದೂ ಇದೂ ಒಂದೇ ಅಲ್ಲ.

ಹೊಸಪೇಟೆ ಹಳೇ ಬಲೆ: ಮೇ ತಿಂಗಳ ಬಿಸಿಲಲ್ಲಿ ಮೊಟ್ಟೆ ತುಂಬಿದ ಮೀನು ಸಾಗಿಸೋರು ಯಾರು ಸ್ವಾಮಿ? ಚಳಿಗಾಲದಲ್ಲಿ ತಂದು ಕೊಳಕ್ಕೆ ಒಗ್ಗಿಸಬೇಕು.

ಭದ್ರಾ ದಂಡೆ: ಅದನ್ನ 2021ರಲ್ಲೇ ಹೇಳಬೇಕಿತ್ತು!

ಸುಮಕ್ಕ ಮಂಡ್ಯ: ನಾನು ಮಾರೋದು ವರ್ಷಕ್ಕೆ ಇಪ್ಪತ್ತು ಮೀನು, ಅದೂ ಕೇಳಿದವರಿಗೆ. ಮಾತು ನೋಡಿಕೊಂಡು ಆಡಿ. ಒಳತಳಿ ತಪ್ಪಿಸೋಕೆ ಡ್ಯಾಮೇ ಬೇಕಾ? ಎರಡು ವರ್ಷಕ್ಕೊಮ್ಮೆ ಬೇರೆ ಜಿಲ್ಲೆಯ ಗಂಡು ತರ್ತೀನಿ. ಇನ್ನು ಅರ್ಧ ಡೋಸ್ ಅಂದ್ರೆ ಎಷ್ಟು ಅಂತ ಹೇಳಲೇ ಇಲ್ಲ.

ಹೊಸಪೇಟೆ ಹಳೇ ಬಲೆ: ಕೆಜಿಗೆ 0.25 ಎಂಎಲ್.

ಚಿಕ್ಕಕೆರೆ ಹುಡುಗ: ಅಣ್ಣಾ, ಕಾಟ್ಲಾ ಹೆಣ್ಣಿಗೆ 0.25? ನಾನು 0.4 ಕೊಟ್ಟರೂ ಮೊಂಡು ಬಿದ್ದವು, 0.5ಕ್ಕೆ ಬಂದವು. ರೋಹು ಆದ್ರೆ 0.3 ಸಾಕು. ನಿಮ್ಮ ತಕ್ಕಡಿ ಸರಿ ಇದೆಯಾ?

ಹೊಸಪೇಟೆ ಹಳೇ ಬಲೆ: ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ಆಯ್ತು ನನ್ನ ತಕ್ಕಡಿಗೆ.

ಚಿಕ್ಕಕೆರೆ ಹುಡುಗ: ಅದಕ್ಕೇ ಕೇಳಿದೆ. ಅಂದಹಾಗೆ ಎಲ್ಲರೂ ಹೆಣ್ಣಿನ ಬಗ್ಗೆಯೇ ಮಾತಾಡ್ತಿದ್ದೀರಿ, ಗಂಡು? ಎದೆ ಪಕ್ಕದ ರೆಕ್ಕೆ ಸವರಿದ್ರೆ ಮರಳು ಕಾಗದದ ಥರ ಒರಟು ಸಿಕ್ಕಬೇಕು, ಹೊಟ್ಟೆ ಒತ್ತಿದ್ರೆ ಗಟ್ಟಿ ಹಾಲು, ಅಂದ್ರೆ ವೀರ್ಯ, ಬರಬೇಕು. ಹೋದ ವರ್ಷ ನನ್ನ ಗಂಡುಗಳ ಹಾಲು ನೀರು ನೀರಾಗಿತ್ತು. ಮೊಟ್ಟೆ ಮೂಟೆಗಟ್ಟಲೆ ಬಂತು, ಬೆಳಗ್ಗೆ ಅರ್ಧಕ್ಕರ್ಧ ಬೆಳ್ಳಗೆ ಸುಣ್ಣದ ಹಾಗೆ. ಕಾಟ್ಲಾ ರೋಹು ಒಂದೇ ಟ್ಯಾಂಕಿಗೆ ಬಿಟ್ಟಿದ್ದೆ ಬೇರೆ. ಉಳಿದ ಮರಿಯಲ್ಲಿ ತಲೆ ಕಾಟ್ಲಾದ್ದು, ಮೈ ರೋಹುದು. ಯಾರೂ ಕೊಳ್ಳಲಿಲ್ಲ.

ಸುಮಕ್ಕ ಮಂಡ್ಯ: ಒಂದೇ ಟ್ಯಾಂಕಿಗಾ? ಅಯ್ಯೋ ರಾಮ. ಇಂಥವರ ಮರಿಯಿಂದಲೇ ತಳಿ ಕೆಟ್ಟಿದ್ದು.

ಚಿಕ್ಕಕೆರೆ ಹುಡುಗ: ಅಕ್ಕಾ, ಸುರಿದ ಹಿಂಡಿಯ ಕಥೆ ನಾವ್ಯಾರೂ ಆಡಿಕೊಳ್ಳಲಿಲ್ಲ ಅಲ್ವಾ?

ಹರಿಹರದ ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನನ್ನದು ಬೋರ್‌ವೆಲ್ ನೀರು ಅಂತ ಬರೆದಿದ್ದೆ. ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಕೆರೆಕೋಡಿ: ಬೋರ್ ನೀರಲ್ಲಿ ಆಕ್ಸಿಜನ್ ಕಡಿಮೆ. ಎತ್ತರದಿಂದ ಬೀಳಿಸಿ, ತೊಟ್ಟಿಯಲ್ಲಿ ಒಂದು ದಿನ ಬಿಟ್ಟು ಆಮೇಲೆ ಮೊಟ್ಟೆಗೆ ಬಳಸಿ. ಗಡಸುತನ, ಕಬ್ಬಿಣ ಎರಡೂ ಪರೀಕ್ಷೆ ಮಾಡಿಸಿ. ಕಬ್ಬಿಣ ಜಾಸ್ತಿ ಇದ್ರೆ ಮೊಟ್ಟೆ ಮೇಲೆ ಕೆಂಪು ಕೂರುತ್ತೆ. ಆ ರಿಪೋರ್ಟ್ ಬರೋವರೆಗೆ ಡ್ಯಾಮಿಂದೂ ತರಬೇಡಿ, ಅಕ್ಕನ ಹತ್ತಿರವೂ ತರಬೇಡಿ.

ಸುಮಕ್ಕ ಮಂಡ್ಯ: ಮಧ್ಯೆ ನನ್ನನ್ನ ಯಾಕೆ ಎಳೀತೀರಿ?