ಕಾಲೇಜಿನ ಸಾರ್ವಜನಿಕ ಉಪನ್ಯಾಸಕ್ಕೆ ಹೊರಗಿನವರು ಹೋದರೆ? ಅನುಭವ ಇದ್ದವರು ಹೇಳಿ

ಒಂದು ಕಾಲೇಜಿನ ಮುಂದಿನ ತಿಂಗಳ ಕಾರ್ಯಕ್ರಮ ಪಟ್ಟಿ ಕೈಗೆ ಸಿಕ್ಕಿದೆ. ಆರು ಸಾರ್ವಜನಿಕ ಉಪನ್ಯಾಸ, ಎರಡು ಪ್ಯಾನೆಲ್ ಚರ್ಚೆ. ನಾನು ಓದು ಬಿಟ್ಟು ಹದಿನೈದು ವರ್ಷವಾಯಿತು, ಆ ಕಾಲೇಜಿಗೂ ನನಗೂ ಸಂಬಂಧವೇ ಇಲ್ಲ. ಹೋದರೆ ಯಾರಾದರೂ "ನೀವ್ಯಾರು?" ಅಂತ ಕೇಳುತ್ತಾರಾ? ಹಿಂದೊಮ್ಮೆ ಇಂಥದ್ದಕ್ಕೆ ಹೋಗಿ, ಕೊನೇ ಸಾಲಿನಲ್ಲಿ ಕೂತು, ಏನೂ ತಲೆಗೆ ಹತ್ತದೆ ಅರ್ಧಕ್ಕೇ ಎದ್ದು ಬಂದಿದ್ದೆ. ಈ ಸಲ ಹಾಗಾಗಬಾರದು. ಯಾವುದಕ್ಕೆ ಹೋಗಲಿ, ಹೇಗೆ ತಯಾರಾಗಲಿ?

ಸುಮಾರು ಉಪನ್ಯಾಸ ಕೇಳಿದವರು:
"ಸಾರ್ವಜನಿಕ" ಅಂತ ಅಚ್ಚು ಹಾಕಿದ್ದರೆ ಧೈರ್ಯವಾಗಿ ಹೋಗಿ. ಹೊರಗಿನವರಿಗಾಗಿಯೇ ಇರುವ ಕಾಲೇಜೂ ಉಂಟು. ಲಂಡನ್ನಿನ ಗ್ರೆಷಮ್ ಕಾಲೇಜು 1597ರಲ್ಲಿ ಶುರುವಾದದ್ದು. ಅಲ್ಲಿ ದಾಖಲಾತಿ ಇಲ್ಲ, ಪದವಿ ಇಲ್ಲ, ಉಚಿತ ಉಪನ್ಯಾಸ ಮಾತ್ರ. ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲೂ ಹಾಗೇ, ಪದವಿ ಕೊಡುವುದಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು.

ಹೆಸರು ನೋಂದಾಯಿಸಬೇಕಾ ಅಂತ ಮಾತ್ರ ನೋಡಿಕೊಳ್ಳಿ. ನೋಂದಾಯಿಸಿದರೂ ಕಾಲು ಗಂಟೆ ಮೊದಲೇ ಹೋಗಿ. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ. ಅದಕ್ಕೇ ಕೆಲವು ಕಡೆ ಕುರ್ಚಿಗಿಂತ ಜಾಸ್ತಿ ಹೆಸರು ಬರೆದುಕೊಳ್ಳುತ್ತಾರೆ. ಎಲ್ಲರೂ ಬಂದ ದಿನ ತಡವಾಗಿ ಬಂದವರು ನಿಲ್ಲಬೇಕಾಗುತ್ತದೆ.

ಆಯ್ಕೆಯ ವಿಷಯ. ಶೀರ್ಷಿಕೆ ನೋಡಿ ಮೋಸ ಹೋಗಬೇಡಿ, ಅದರ ಕೆಳಗಿರುವ ನಾಲ್ಕು ಸಾಲಿನ ಸಾರಾಂಶ ಓದಿ. ಆ ನಾಲ್ಕು ಸಾಲೇ ಅರ್ಥವಾಗದಿದ್ದರೆ ಒಂದು ಗಂಟೆಯ ಮಾತು ಅರ್ಥವಾದೀತಾ? ನಾನಂತೂ ಹೋಗುವ ಮೊದಲು ಆ ಭಾಷಣಕಾರರ ಹಳೆಯ ವೀಡಿಯೊ ಇದ್ದರೆ ಹತ್ತು ನಿಮಿಷ ಕೇಳುತ್ತೇನೆ. ದೊಡ್ಡ ವಿದ್ವಾಂಸರೇ ಆಗಿರಬಹುದು, ಕಾಗದ ಹಿಡಿದು ತಲೆ ಎತ್ತದೆ ಓದುವವರಾದರೆ ನಾನು ಹೋಗುವುದಿಲ್ಲ. ಮನೆಯಲ್ಲೇ ಕೂತು ಅವರ ಲೇಖನ ಓದಿಕೊಳ್ಳಬಹುದಲ್ವಾ?

ಇಂಥ ಕಾರ್ಯಕ್ರಮ ನಡೆಸಿ ಸುಸ್ತಾದವರು:
ಪ್ಯಾನೆಲ್ ಚರ್ಚೆಯ ಲೆಕ್ಕ ಹೇಳುತ್ತೇನೆ ಕೇಳಿ. ಒಂದು ಗಂಟೆ, ವೇದಿಕೆ ಮೇಲೆ ನಾಲ್ಕು ಜನ. ಸ್ವಾಗತ, ಪರಿಚಯ ಅಂತ ಹತ್ತು ನಿಮಿಷ. ತಲಾ ಹತ್ತು ನಿಮಿಷ "ಆರಂಭಿಕ ಮಾತು". ಅಲ್ಲಿಗೆ ಐವತ್ತು ಹೋಯಿತು. ಚರ್ಚೆ ಎಲ್ಲಿ ಬಂತು? ನಾಲ್ಕು ಪುಟ್ಟ ಭಾಷಣ ಅಷ್ಟೇ. ಹಾಗಾಗಿ ಯಾರು ಮಾತಾಡುತ್ತಾರೆ ಅನ್ನುವುದಕ್ಕಿಂತ ನಡೆಸಿಕೊಡುವವರು ಯಾರು ಅಂತ ನೋಡಿ. ನಡುವೆ ಬಾಯಿ ಹಾಕಿ ತಡೆಯುವ ಗಟ್ಟಿಗರಿದ್ದರೆ ಹೋಗಿ. ನಾಲ್ಕೂ ಜನ ಒಂದೇ ಅಭಿಪ್ರಾಯದವರು ಅಂತ ಮೊದಲೇ ಗೊತ್ತಾದರೆ ಆ ಸಂಜೆ ಬೇರೆ ಕೆಲಸ ಮಾಡಿಕೊಳ್ಳಿ.

ಪ್ರಶ್ನೆ ಕೇಳುವ ಆಸೆ ಇದ್ದರೆ ಒಂದು ಗುಟ್ಟು. "ಪ್ರಶ್ನೆ ಇದೆಯಾ?" ಅಂದ ಕೂಡಲೇ ಸಭೆ ಗಪ್‌ಚುಪ್. ಆ ಹೊತ್ತಿಗೆ ಕೈ ಎತ್ತಿದವರನ್ನು ಕಂಡರೆ ನಮಗೆ ದೇವರು ಬಂದಂತೆ. ಹತ್ತು ನಿಮಿಷ ಕಳೆದ ಮೇಲೆ ಇಪ್ಪತ್ತು ಕೈ ಏಳುತ್ತವೆ, ಆಗ ನಿಮ್ಮ ಸರದಿ ಬರುವುದಿಲ್ಲ. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿರಿ, ಎರಡು ವಾಕ್ಯ ಸಾಕು. "ನನ್ನದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಶುರು ಮಾಡುವವರ ಕೈಯಿಂದ ಮೈಕ್ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ನಮಗೇ ಗೊತ್ತು.

ಮೂರನೆಯವರು:
ಒಂದು ನೋಟ್‌ಬುಕ್ ಒಯ್ಯಿರಿ. ಆಮೇಲೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಮೊದಲು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಬರೆದುಕೊಂಡದ್ದನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. 1813ರಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ನನಗೇನೂ ಕೆಲಸ ಸಿಕ್ಕಿಲ್ಲ ಬಿಡಿ. ಆದರೆ ಬರೆದುಕೊಂಡ ಉಪನ್ಯಾಸಗಳು ಮಾತ್ರ ಇವತ್ತಿಗೂ ನೆನಪಿವೆ.

ಇನ್ನೊಬ್ಬರು:
ಇಷ್ಟೆಲ್ಲಾ ಯಾಕೆ? ಆಮೇಲೆ ವೀಡಿಯೊ ಬರುತ್ತದೆ, ಸುಮ್ನೆ ಮನೆಯಲ್ಲೇ ನೋಡಿ.

ಕಿವಿ ಸ್ವಲ್ಪ ಮಂದ ಇರುವವರು:
ವೀಡಿಯೊ ಎಲ್ಲದಕ್ಕೂ ಬರುವುದಿಲ್ಲ. ಬಂದರೂ ಸಭೆಯವರು ಮೈಕ್ ಇಲ್ಲದೆ ಕೇಳಿದ ಪ್ರಶ್ನೆ ಅದರಲ್ಲಿ ಕೇಳಿಸುವುದೇ ಇಲ್ಲ. ನಾನು ಹೋಗಿಯೇ ಕೇಳುತ್ತೇನೆ. ಮೂರನೆಯದೋ ನಾಲ್ಕನೆಯದೋ ಸಾಲು, ತುಟಿ ಕಾಣುವ ಕಡೆ. ಕೆಲವು ಸಭಾಂಗಣಗಳಲ್ಲಿ ಹಿಯರಿಂಗ್ ಲೂಪ್, ಅಂದರೆ ಮೈಕಿನ ದನಿಯನ್ನು ಶ್ರವಣ ಸಾಧನಕ್ಕೆ ಕಳಿಸುವ ತಂತಿ ಸುತ್ತು, ಇರುತ್ತದೆ. ಶ್ರವಣ ಸಾಧನದಲ್ಲಿ ಅದನ್ನು ಹಿಡಿಯುವ ಪುಟ್ಟ ಸುರುಳಿ, ಟೆಲಿಕಾಯಿಲ್, ಇದ್ದರೆ ಅದನ್ನು ಆನ್ ಮಾಡಿದರೆ ಸಾಕು, ಮೈಕಿನ ದನಿ ನೇರ ಕಿವಿಗೆ ಬರುತ್ತದೆ. ಇದೆಯಾ ಅಂತ ಒಂದು ವಾರ ಮೊದಲೇ ಕೇಳಿ ನೋಡಿ.

ಮುಗಿದ ಕೂಡಲೇ ಎದ್ದು ಓಡಬೇಡಿ. ವೇದಿಕೆಯ ಹತ್ತಿರ ಒಂದು ಸಣ್ಣ ಗುಂಪು ನಿಲ್ಲುತ್ತದೆ. ಭಾಷಣಕಾರರು ಅಲ್ಲಿ ಎಷ್ಟು ಬಿಚ್ಚಿ ಮಾತಾಡುತ್ತಾರೆಂದರೆ, ಮೈಕಿನಲ್ಲಿ ಹೇಳಿದ್ದು ಬರೀ ಮುನ್ನುಡಿ ಅನ್ನಿಸುತ್ತದೆ.

ಕೇಳಿದವರ ಮರುಮಾತು:
ಎಲ್ಲರಿಗೂ ಥ್ಯಾಂಕ್ಸ್. ಸಾರಾಂಶ ಓದಿದ ಮೇಲೆ ಆರು ಉಪನ್ಯಾಸದಲ್ಲಿ ಉಳಿದದ್ದು ಎರಡು. ಪ್ಯಾನೆಲ್ ಒಂದೂ ಇಲ್ಲ, ಎರಡರಲ್ಲೂ ವೇದಿಕೆ ಮೇಲೆ ಐದೈದು ಜನ! ಮೊದಲನೆಯದಕ್ಕೆ ಹೆಸರು ಕೊಟ್ಟಿದ್ದೇನೆ. ಚೀಟಿಯಲ್ಲಿ ಬರೆದ ಪ್ರಶ್ನೆ ಸದ್ಯಕ್ಕೆ ಐದು ವಾಕ್ಯ ಇದೆ, ಇನ್ನೂ ಕತ್ತರಿಸುತ್ತಿದ್ದೇನೆ.